ಪೆಪ್ಪರ್‌ಮಿಂಟ್ ಸಿಗಡಿಯ ಮರಿ ರಾತ್ರಿ ಕಾಣುತ್ತವೆ, ಬೆಳಗ್ಗೆ ಒಂದೂ ಇರುವುದಿಲ್ಲ. ಮನೆಯಲ್ಲಿ ಬೆಳೆಸಲು ಆಗುತ್ತದಾ?

ರಾಘು ಜಯನಗರ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ 250 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಕೆಳಗೆ ನೀರು ಶುದ್ಧವಾಗುವ ಸಂಪ್, ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್, ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಸ್ವಲ್ಪ ಸಾಫ್ಟ್ ಕೋರಲ್. ಕಲ್ಲಿನ ಮೇಲೆಲ್ಲ ಐಪ್ಟೇಸಿಯಾ ಎಂಬ ಕುಟುಕುವ ಸೀ ಅನೆಮೋನ್ ಹಬ್ಬಿತ್ತು. ಅದನ್ನು ತಿಂದು ಮುಗಿಸಲಿ ಅಂತ ಎರಡು ಪೆಪ್ಪರ್‌ಮಿಂಟ್ ಸಿಗಡಿ ತಂದು ಬಿಟ್ಟೆ. ಐಪ್ಟೇಸಿಯಾ ಖಾಲಿ ಆಯಿತು. ಆದರೆ ಈಗ ಕುತೂಹಲ ಬೇರೆ ಕಡೆ ತಿರುಗಿದೆ.

ಎರಡೂ ಸಿಗಡಿ ಹೊಟ್ಟೆಯ ಕೆಳಗೆ ಹಸಿರು ಮೊಟ್ಟೆ ಹೊತ್ತುಕೊಂಡು ಓಡಾಡುತ್ತವೆ. ಒಂದರದ್ದು ಮುಗಿಯುವಷ್ಟರಲ್ಲಿ ಇನ್ನೊಂದರದ್ದು ಶುರು. ಮೊನ್ನೆ ರಾತ್ರಿ ಟ್ಯಾಂಕಿನ ದೀಪ ಆರಿದ ಮೇಲೆ ಟಾರ್ಚ್ ಹಿಡಿದೆ. ನೂರಾರು ಮರಿ ಬೆಳಕಿಗೆ ಬಂದು ಮುತ್ತಿಕೊಂಡವು. ಮಗಳನ್ನು ಎಬ್ಬಿಸಿ ತೋರಿಸಿದೆ. ಬೆಳಗ್ಗೆ ಅವಳು ಶಾಲೆಗೆ ಹೊರಡುವ ಮೊದಲು ನೋಡಿದರೆ ಒಂದೂ ಇಲ್ಲ.

ಎರಡೂ ಮೊಟ್ಟೆ ಇಡುವುದಾದರೆ ಗಂಡು ಯಾವುದು? ಮರಿಗಳನ್ನು ಉಳಿಸಿಕೊಳ್ಳಲು ಏನು ಮಾಡಬೇಕು? ಇದನ್ನೇ ಕ್ಲೀನರ್ ಸಿಗಡಿಯಲ್ಲೂ ಮಾಡಬಹುದಾ? ದೊಡ್ಡ ಖರ್ಚಿಲ್ಲದೆ ಮನೆಯಲ್ಲಿ ಇರುವ ಸಾಮಾನಿನಲ್ಲಿ ಆಗುವಂತೆ ಯಾರಾದರೂ ತಿಳಿಸಿ.

ಇರ್ಫಾನ್ ಮೈಸೂರು

ರಾಘು, ನಮ್ಮ ಮನೆಯಲ್ಲೂ ಹೀಗೇ ಆಗುತ್ತದೆ. ನಾನು ಮರಿ ಹಿಡಿಯಲು ಹೋಗಿಲ್ಲ. ಮೀನಿಗೂ ಕೋರಲ್‌ಗೂ ಒಳ್ಳೆ ಊಟ ಅಂತ ಬಿಟ್ಟುಬಿಟ್ಟಿದ್ದೇನೆ.

ನನ್ನ ಸಿಹಿನೀರಿನ ಟ್ಯಾಂಕಿನಲ್ಲಿ ಚೆರ್ರಿ ಸಿಗಡಿ ತಾವಾಗಿಯೇ ಹೆಚ್ಚುತ್ತವೆ, ನಾನೇನೂ ಮಾಡುವುದಿಲ್ಲ. ಅವುಗಳ ಮರಿ ಮೊಟ್ಟೆಯಿಂದ ಬರುವಾಗಲೇ ದೊಡ್ಡದರ ಪಡಿಯಚ್ಚು. ಬಂದ ದಿನವೇ ನೆಲದ ಮೇಲೆ ನಡೆಯುತ್ತವೆ, ಪಾಚಿ ಮೇಯುತ್ತವೆ. ಉಪ್ಪುನೀರಿನದ್ದು ಹಾಗಲ್ಲ. ಮರಿ ವಾರಗಟ್ಟಲೆ ನೀರಿನಲ್ಲಿ ತೇಲಬೇಕು. ಮನೆಯ ಟ್ಯಾಂಕಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಮಲ್ಪೆಯ ಶೈಲಜಾ ಮೇಡಂ ಇದನ್ನು ಮಾಡುತ್ತಾರೆ ಅಂತ ಗೊತ್ತು. ಅವರು ನೋಡಿದರೆ ಹೇಳಲಿ.

ಶೈಲಜಾ ಮಲ್ಪೆ

ರಾಘು ಅವರೇ, ಖಂಡಿತ ಆಗುತ್ತದೆ. ನಿಮ್ಮಲ್ಲಿರುವುದು ಪೆಪ್ಪರ್‌ಮಿಂಟ್ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಉಪ್ಪುನೀರಿನ ಅಲಂಕಾರಿಕ ಸಿಗಡಿಗಳಲ್ಲಿ ಮನೆಯಲ್ಲಿ ಕೈಹಿಡಿಯುವುದು ಇದೇ.

ಮೊದಲು ಗಂಡು ಹೆಣ್ಣಿನ ವಿಷಯ. ನಿಮ್ಮ ಎರಡೂ ಸಿಗಡಿ ಗಂಡೂ ಹೌದು, ಹೆಣ್ಣೂ ಹೌದು. ಲಿಸ್ಮಾಟಾ ಕುಲದ ಸಿಗಡಿ ಚಿಕ್ಕದಿರುವಾಗ ಗಂಡು ಮಾತ್ರ. ಬೆಳೆದ ಮೇಲೆ ಹೆಣ್ಣಿನ ಕೆಲಸವೂ ಬರುತ್ತದೆ, ಗಂಡಿನ ಕೆಲಸವೂ ಉಳಿಯುತ್ತದೆ. ಪೆಪ್ಪರ್‌ಮಿಂಟ್‌ನಲ್ಲಿ ಇದನ್ನು ಬಾವರ್ ಮತ್ತು ಹೋಲ್ಟ್ ಎಂಬ ಸಂಶೋಧಕರು 1998ರಲ್ಲಿ ತೋರಿಸಿಕೊಟ್ಟರು. ಆದರೆ ತನ್ನ ಮೊಟ್ಟೆಗೆ ತಾನೇ ಬೀಜ ಕೊಟ್ಟುಕೊಳ್ಳಲು ಆಗುವುದಿಲ್ಲ, ಜೊತೆಗೆ ಇನ್ನೊಂದು ಬೇಕೇ ಬೇಕು. ಮರಿ ಬಿಟ್ಟ ಮೇಲೆ ಸಿಗಡಿ ಚಿಪ್ಪು ಕಳಚುತ್ತದೆ. ಆಗ ಅದು ಹೆಣ್ಣು, ಪಕ್ಕದ್ದು ಗಂಡು. ಸ್ವಲ್ಪ ಹೊತ್ತಿನಲ್ಲೇ ಕೂಡಿ, ಹೊಸ ಮೊಟ್ಟೆ ಹೊಟ್ಟೆಯ ಕೆಳಗೆ ಬರುತ್ತದೆ. ನಿಮ್ಮಲ್ಲಿ ಸರದಿ ತಪ್ಪದೆ ಮೊಟ್ಟೆ ಕಾಣುವುದು ಇದಕ್ಕೇ. ಚಿಪ್ಪು ಕಳಚಿದ ರಾತ್ರಿ ಅದರ ಮೈ ಮೆತ್ತಗಿರುತ್ತದೆ. ಅಡಗಲು ಗೂಡು ಬೇಕು.

ಒಂದು ಮಾತು. ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಅಂತ ಕೊಡುವುದು ಒಂದೇ ಜಾತಿ ಅಲ್ಲ. ಅಮೆರಿಕದ ಅಟ್ಲಾಂಟಿಕ್ ಕಡೆಯದ್ದೆಲ್ಲ ಲಿಸ್ಮಾಟಾ ವುರ್ಡೆಮನ್ನೈ ಅಂತ ಕರೆಯುತ್ತಿದ್ದರು. 2006ರಲ್ಲಿ ರೈನ್ ಮತ್ತು ಲಿನ್ ಅದನ್ನು ಬಿಡಿಸಿ ನೋಡಿ ನಾಲ್ಕು ಹೊಸ ಜಾತಿ ವಿವರಿಸಿದರು. ಫ್ಲೋರಿಡಾದಿಂದ ಬರುವುದರಲ್ಲಿ ಆ ನಾಲ್ಕರಲ್ಲಿ ಒಂದಾದ ಬೊಗ್ಗೆಸಿ ಜಾಸ್ತಿ. ನಮ್ಮ ಕಡೆಯ ಸಮುದ್ರದಲ್ಲಿ ಸಿಗುವ ವಿಟ್ಟಾಟಾ ಬೇರೆ. ಮರಿ ಬೆಳೆಸುವ ಕ್ರಮ ಹೆಚ್ಚುಕಡಿಮೆ ಒಂದೇ, ದಿನದ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ಎರಡೂ ಒಂದೇ ಜಾತಿಯದ್ದಾ ಅಂತ ಗೆರೆಗಳನ್ನು ಹೋಲಿಸಿ ನೋಡಿ. ಗೂನುಬೆನ್ನಿನ, ದೊಡ್ಡ ಕಣ್ಣಿನ, ಕೆಂಪು ಬಿಳಿ ಪಟ್ಟೆಯ ಕ್ಯಾಮೆಲ್ ಸಿಗಡಿಯನ್ನೂ ಕೆಲವು ಕಡೆ ಇದೇ ಹೆಸರಲ್ಲಿ ಮಾರುತ್ತಾರೆ. ಅದು ಕೋರಲ್ ತಿನ್ನುತ್ತದೆ. ನಿಮ್ಮವು ಐಪ್ಟೇಸಿಯಾ ತಿಂದಿವೆ, ಎರಡೂ ಸರದಿಯಲ್ಲಿ ಮೊಟ್ಟೆ ಹೊತ್ತಿವೆ. ನಿಜವಾದ ಪೆಪ್ಪರ್‌ಮಿಂಟೇ ಇರಬೇಕು.

ಮರಿ ಎಲ್ಲಿ ಹೋದವು ಅಂದರೆ, ಓವರ್‌ಫ್ಲೋ ಮೂಲಕ ಸಂಪಿಗೆ, ಅಲ್ಲಿಂದ ಸ್ಕಿಮ್ಮರಿಗೆ, ಪಂಪಿಗೆ. ಉಳಿದದ್ದು ಬೆಳಕು ಹರಿದಾಗ ಮೀನಿನ ಬಾಯಿಗೆ. ದೊಡ್ಡ ಟ್ಯಾಂಕಿನಲ್ಲಿ ಅವು ಉಳಿಯುವುದಿಲ್ಲ, ಬೇರೆ ಪಾತ್ರೆಗೆ ತೆಗೆಯಲೇಬೇಕು.

ತೆಗೆಯುವ ದಿನ ಮೊಟ್ಟೆಯೇ ಹೇಳುತ್ತದೆ. ಇಟ್ಟಾಗ ಹಸಿರು ಇರುತ್ತದೆ. ಒಳಗಿನ ಹಳದಿ ಕರಗುತ್ತಾ ಬಂದಂತೆ ಬಣ್ಣ ತೆಳುವಾಗುತ್ತದೆ. ಕೊನೆಗೆ ಪ್ರತಿ ಮೊಟ್ಟೆಯಲ್ಲೂ ಬೆಳ್ಳಿ ಬಣ್ಣದ ಕಣ್ಣಿನ ಚುಕ್ಕೆ ಕಾಣುತ್ತದೆ. ನೀರು 26–27 ಡಿಗ್ರಿ ಇದ್ದರೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯಬಹುದು. ಕಣ್ಣು ಕಂಡ ಮೇಲೆ ಪ್ರತಿ ರಾತ್ರಿ ಎಚ್ಚರ ಇರಿ. ದೀಪ ಆರಿದ ಒಂದೆರಡು ಗಂಟೆಯಲ್ಲೇ ಮರಿ ಬಿಡುತ್ತದೆ.

ಆ ಹೊತ್ತಿಗೆ ಪಂಪ್, ಸ್ಕಿಮ್ಮರ್, ವೇವ್‌ಮೇಕರ್ ಎಲ್ಲ ನಿಲ್ಲಿಸಿ. ಕೋಣೆ ಕತ್ತಲಾಗಿರಲಿ. ಟ್ಯಾಂಕಿನ ಒಂದು ಮೂಲೆಗೆ ಸಣ್ಣ ಟಾರ್ಚ್ ಒಂದನ್ನು ಗಾಜಿಗೆ ಒತ್ತಿ ಇಡಿ. ಮರಿಗಳು ಬೆಳಕಿಗೆ ಬಂದು ಗುಂಪಾಗುತ್ತವೆ. ಲೋಟದಲ್ಲಿ ನೀರಿನ ಸಮೇತ ಎತ್ತಿ. ಇಲ್ಲವೇ ಏರ್‌ಪಂಪಿನ ಟ್ಯೂಬಿನಲ್ಲಿ ಸೈಫನ್ ಮಾಡಿ, ಟ್ಯೂಬಿನ ತುದಿ ಪಾತ್ರೆಯ ನೀರಿನ ಒಳಗೇ ಇರಲಿ. ಬಲೆ ಮಾತ್ರ ಬೇಡವೇ ಬೇಡ. ಈ ಮರಿ ಗಾಳಿಗೆ ಬಂದರೆ ಉಳಿಯುವುದು ಕಷ್ಟ. ತಾಯಿಯನ್ನೇ ಮೊದಲೇ ಬೇರೆ ಟ್ಯಾಂಕಿಗೆ ಹಾಕುವವರೂ ಇದ್ದಾರೆ. ಅದಕ್ಕೆ ಗಾಬರಿಯಾದರೆ ಮೊಟ್ಟೆ ಉದುರಿಸುತ್ತದೆ. ನನಗೆ ಟಾರ್ಚಿನ ದಾರಿಯೇ ಇಷ್ಟ.

ಪಾತ್ರೆಗೆ ದುಡ್ಡು ಸುರಿಯಬೇಕಿಲ್ಲ. ಇಪ್ಪತ್ತು ಲೀಟರಿನ ಕಪ್ಪು ಪ್ಲಾಸ್ಟಿಕ್ ಬಕೆಟ್, ತಳ ದುಂಡಗಿದ್ದಷ್ಟು ಒಳ್ಳೆಯದು. ಕಪ್ಪೇ ಯಾಕೆಂದರೆ ಪಾರದರ್ಶಕ ಗಾಜಿನಲ್ಲಿ ಬೆಳಕು ಬೀಳುವ ಬದಿಗೆ ಎಲ್ಲ ಒತ್ತಿಕೊಂಡು ಕಾಲು ಮುರಿದುಕೊಳ್ಳುತ್ತವೆ. ಬೆಳಕು ಮೇಲಿನಿಂದ ಮಾತ್ರ ಬೀಳಲಿ. ಗಾಳಿ ಟ್ಯೂಬಿನ ತುದಿಯ ಏರ್‌ಸ್ಟೋನ್ ತೆಗೆದುಹಾಕಿ. ಅದರ ಸಣ್ಣ ಗುಳ್ಳೆಗಳು ಮರಿಯ ಮೈಗೆ ಅಂಟಿ ನೀರಿನ ಮೇಲಕ್ಕೆ ಎತ್ತಿಬಿಡುತ್ತವೆ. ಬರಿ ಟ್ಯೂಬನ್ನು ತಳದ ನಡುವಿಗೆ ಇಟ್ಟು ದೊಡ್ಡ ಗುಳ್ಳೆ ನಿಧಾನವಾಗಿ ಬರುವಂತೆ ಬಿಡಿ. ನಡುವೆ ನೀರು ಮೇಲೇರಿ ಬದಿಯಲ್ಲಿ ಇಳಿಯುತ್ತಾ ಸುತ್ತುತ್ತಿರಬೇಕು. ಮರಿಗಳು ತಳ ಮುಟ್ಟಬಾರದು, ಸುಳಿಯಲ್ಲಿ ಗಿರಕಿ ಹೊಡೆಯಲೂ ಬಾರದು. ಅಷ್ಟೇ ಹದ. ಸಂಶೋಧನಾಲಯಗಳಲ್ಲಿ ಇದಕ್ಕೆಂದೇ ಕ್ರೈಸೆಲ್ ಎಂಬ ದುಂಡು ಟ್ಯಾಂಕ್ ಮಾಡಿಸುತ್ತಾರೆ. ಕೆಲಸ ಅದೇ, ನೀರನ್ನು ಮೆಲ್ಲಗೆ ಸುತ್ತಿಸುವುದು.

ಲೀಟರಿಗೆ ಹತ್ತು ಮರಿಗಿಂತ ಜಾಸ್ತಿ ಬೇಡ. ನೂರಾರು ಹಿಡಿದರೂ ಇಪ್ಪತ್ತು ಲೀಟರಿಗೆ ಇನ್ನೂರು ಸಾಕು. ಉಳಿದದ್ದನ್ನು ಕೋರಲ್‌ಗೇ ಬಿಡಿ. ಎಲ್ಲವನ್ನೂ ತುಂಬಿಸಿದರೆ ಒಂದರ ಕಾಲಿಗೆ ಒಂದು ಸಿಕ್ಕಿಕೊಳ್ಳುತ್ತವೆ, ಚಿಪ್ಪು ಕಳಚಿದ್ದನ್ನು ಉಳಿದವು ತಿನ್ನುತ್ತವೆ.

ಊಟದ ವಿಷಯ ದೊಡ್ಡದು. ರಾತ್ರಿ ಬರೆಯುತ್ತೇನೆ.

ವಿನಯ್ ಕುಮಟಾ

ಶೈಲಜಾ ಮೇಡಂ ಬರೆಯುವ ಮೊದಲು ನನ್ನದೊಂದು ಪ್ರಶ್ನೆ. ನಾನು ತಿನ್ನುವ ಸಿಗಡಿಯ ಹ್ಯಾಚರಿಯಲ್ಲಿ ಕೆಲಸ ಮಾಡಿದವನು, ಹುಲಿ ಸಿಗಡಿ, ಆಮೇಲೆ ವನ್ನಾಮಿ. ಅಲ್ಲಿ ಮೊಟ್ಟೆಯಿಂದ ಮೊದಲು ನಾಪ್ಲಿ ಬರುತ್ತದೆ, ಆಮೇಲೆ ಜೋಯಿಯಾ, ಮೈಸಿಸ್, ಕೊನೆಗೆ ಪಿ.ಎಲ್., ಅಂದರೆ ಪುಟ್ಟ ಸಿಗಡಿಯ ರೂಪದ ಪೋಸ್ಟ್‌ಲಾರ್ವಾ; ಇವೆಲ್ಲ ಮರಿಯ ಹಂತಗಳು. ಜೋಯಿಯಾ ಹಂತದಲ್ಲಿ ಕೀಟೊಸೆರೋಸ್ ಪಾಚಿ ಹಾಕುತ್ತೇವೆ. ಮೈಸಿಸ್ ಬಂದ ಮೇಲೆಯೇ ಆರ್ಟಿಮಿಯಾ, ಅಂದರೆ ಉಪ್ಪುನೀರಿನ ಒಂದು ಸಣ್ಣ ಜೀವಿಯ ಮರಿ. ಹತ್ತು ಹನ್ನೆರಡು ದಿನಕ್ಕೆ ಪಿ.ಎಲ್. ಆಗಿಬಿಡುತ್ತದೆ. ಇದಕ್ಕೂ ಪಾಚಿಯಿಂದಲೇ ಶುರು ಮಾಡಬೇಕಲ್ವಾ?

ಇನ್ನೊಂದು ವಿಷಯ ರಾಘು ಅವರಿಗೆ. ಮಾರುಕಟ್ಟೆಯ ಹಸಿ ಸಿಗಡಿಯನ್ನು ಕತ್ತರಿಸಿ ಟ್ಯಾಂಕಿಗೆ ಹಾಕಬೇಡಿ. ನಮ್ಮ ದೇಶದ ಸಿಗಡಿ ಕೆರೆಗಳನ್ನು 1994–95ರಲ್ಲಿ ಮಲಗಿಸಿದ್ದು ವೈಟ್ ಸ್ಪಾಟ್ ವೈರಸ್. ಅದು ಹುಲಿ ಸಿಗಡಿಗೆ ಮಾತ್ರ ಬರುವುದಲ್ಲ, ಏಡಿಗೂ ಬೇರೆ ಸಿಗಡಿಗೂ ತಗಲುತ್ತದೆ. ಫ್ರೀಜರ್‌ನಲ್ಲಿಟ್ಟ ಮಾತ್ರಕ್ಕೆ ಸಾಯುವುದಿಲ್ಲ.

ಶೈಲಜಾ ಮಲ್ಪೆ

ವಿನಯ್ ಅವರು ಹೇಳಿದ ವೈರಸ್ ಮಾತನ್ನು ಎಲ್ಲರೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಾನು ದೊಡ್ಡ ಸಿಗಡಿಗಳಿಗೆ ಮರುವಾಯಿ ಚಿಪ್ಪುಮೀನು ಮತ್ತು ಬೊಂಡಾಸ್ ಸಣ್ಣಗೆ ಹೆಚ್ಚಿ ಹಾಕುತ್ತೇನೆ, ಸಿಗಡಿಗೆ ಸಿಗಡಿ ಹಾಕುವುದಿಲ್ಲ. ಬೆಂಗಳೂರಿನಲ್ಲಿ ಮರುವಾಯಿ ಸಿಗದಿದ್ದರೆ ಬೊಂಡಾಸ್ ಅಂತೂ ಸಿಗುತ್ತದೆ, ಅಲ್ಲಿ ಸ್ಕ್ವಿಡ್ ಅನ್ನಿ. ತಾಯಿಗೆ ಈ ಊಟ ಮುಖ್ಯ. ಮೊಟ್ಟೆಯ ಹಳದಿಯಲ್ಲಿ ಸತ್ವ ಇದ್ದರೆ ಮರಿ ಮೊದಲ ದಿನಗಳನ್ನು ದಾಟುತ್ತದೆ. ಬರೀ ಒಣ ಫ್ಲೇಕ್ ತಿಂದ ತಾಯಿಯ ಮರಿ ಹುಟ್ಟುವಾಗಲೇ ಸೋತಿರುತ್ತದೆ.

ಈಗ ನಿಮ್ಮ ಪ್ರಶ್ನೆ. ಹುಲಿ ಸಿಗಡಿ ಮೊಟ್ಟೆಯನ್ನು ನೀರಿಗೇ ಬಿಟ್ಟುಬಿಡುತ್ತದೆ. ಒಂದು ದಿನದೊಳಗೆ ಒಡೆಯುತ್ತದೆ, ಬರುವುದು ತೀರಾ ಸಣ್ಣ ನಾಪ್ಲಿ. ನಾಪ್ಲಿ ಏನೂ ತಿನ್ನುವುದಿಲ್ಲ, ಮೈಯಲ್ಲಿರುವ ಹಳದಿಯಲ್ಲೇ ಇರುತ್ತದೆ; ಜೋಯಿಯಾ ಆದ ಮೇಲೆ ಪಾಚಿಯೇ ಬೇಕು. ಪೆಪ್ಪರ್‌ಮಿಂಟ್ ಹಾಗಲ್ಲ. ಎರಡು ವಾರದ ಹತ್ತಿರ ಹೊಟ್ಟೆಯ ಕೆಳಗೆ ಇಟ್ಟುಕೊಂಡು, ಬೀಸಿ ಗಾಳಿ ಕೊಟ್ಟು, ಸ್ವಚ್ಛ ಮಾಡುತ್ತಾ ಕಾಯುತ್ತದೆ. ನಾಪ್ಲಿ ಹಂತ ಮೊಟ್ಟೆಯ ಒಳಗೇ ಮುಗಿಯುತ್ತದೆ. ಹೊರಗೆ ಬರುವುದು ಜೋಯಿಯಾ. ಬಾಯಿ ದೊಡ್ಡದು, ಬೇಟೆ ಹಿಡಿಯುವ ಕಾಲು ಇದೆ. ಆದ್ದರಿಂದ ಮೊದಲಿನಿಂದಲೇ ಆಗತಾನೆ ಒಡೆದ ಆರ್ಟಿಮಿಯಾ ಹಿಡಿದು ತಿನ್ನುತ್ತದೆ. ಪಾಚಿಯನ್ನು ನಾನೂ ಬಕೆಟಿಗೆ ಸ್ವಲ್ಪ ಹಾಕುತ್ತೇನೆ. ಅದು ಮರಿಗಲ್ಲ, ಬಕೆಟಿನಲ್ಲಿ ಉಳಿಯುವ ಆರ್ಟಿಮಿಯಾ ಹಸಿದು ಸೊರಗಬಾರದು ಅಂತ.

ರಾಘು ಅವರೇ, ಇಲ್ಲಿಂದ ಸ್ವಲ್ಪ ಗಮನ ಇಟ್ಟು ಓದಿ. ಮರಿ ಹಿಡಿಯುವುದು ಸುಲಭ, ವಾರ ಉಳಿಸುವುದೂ ಸುಲಭ. ಎರಡನೇ ವಾರ ದಾಟಿದ ಮೇಲೆ ಒಂದೊಂದೇ ತಳಕ್ಕೆ ಬೀಳಲು ಶುರುವಾಗುತ್ತದೆ. ನೀರು ಸರಿ ಇಲ್ಲ ಅಂತ ಎಲ್ಲರೂ ನೀರನ್ನು ಬೈಯುತ್ತಾರೆ. ಸಾಮಾನ್ಯವಾಗಿ ಕಾರಣ ಊಟ. ಹೊಟ್ಟೆ ತುಂಬಿರುತ್ತದೆ, ಸತ್ವ ಇರುವುದಿಲ್ಲ.

ಆರ್ಟಿಮಿಯಾ ಸಿಸ್ಟ್, ಅಂದರೆ ಅದರ ಒಣ ಮೊಟ್ಟೆ, 28 ಡಿಗ್ರಿಯ ಆಸುಪಾಸಿನ ಉಪ್ಪುನೀರಿನಲ್ಲಿ, ಬೆಳಕು ಮತ್ತು ಜೋರು ಗಾಳಿ ಕೊಟ್ಟರೆ ಒಂದು ದಿನದಲ್ಲಿ ಒಡೆಯುತ್ತದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ತಳ ಕತ್ತರಿಸಿ, ತಲೆಕೆಳಗಾಗಿ ನಿಲ್ಲಿಸಿ, ಬಾಯಿಯ ಕಡೆಯಿಂದ ಗಾಳಿ ಬಿಟ್ಟರೆ ಒಳ್ಳೆ ಹ್ಯಾಚರ್ ಆಗುತ್ತದೆ. ಸಣ್ಣ ಪ್ರಮಾಣಕ್ಕೆ ಪೆಟ್ ಬಾಟಲಿ ಸಾಕು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಕೇಸರಿ ಬಣ್ಣದ ಮರಿ ಕೆಳಗೆ ಸೇರುತ್ತದೆ. ಕೆಳಗಿನದ್ದನ್ನು ಮಾತ್ರ ತೆಗೆದು, ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ ತೊಳೆಯಿರಿ. ಸಿಪ್ಪೆ ಬಕೆಟಿಗೆ ಬಿದ್ದರೆ ಕೊಳೆಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ.

ಆಗತಾನೆ ಒಡೆದ ಆರ್ಟಿಮಿಯಾದ ಮೈಯಲ್ಲಿ ಅದರದ್ದೇ ಹಳದಿ ಇರುತ್ತದೆ. ಅದನ್ನು ಬೇಗ ಕೊಟ್ಟರೆ ಲಾಭ. ಗಂಟೆಗಳು ಕಳೆದಂತೆ ಆ ಹಳದಿಯನ್ನು ಅದೇ ಉರಿಸಿಬಿಡುತ್ತದೆ, ಆಮೇಲೆ ತಿಂದರೂ ಮರಿಗೆ ಸಿಗುವುದು ಕಡಿಮೆ. ಹಾಗಾಗಿ ಒಡೆದ ತಕ್ಷಣ ತೊಳೆದು, ಒಂದು ಭಾಗವನ್ನು ಫ್ರಿಜ್ಜಿನಲ್ಲಿ ಇಡಿ. ತಣ್ಣಗಿದ್ದರೆ ಬೆಳವಣಿಗೆ ನಿಧಾನ, ಸತ್ವ ಉಳಿಯುತ್ತದೆ. ಮೊದಲ ಕೆಲವು ದಿನ ಇದು ಸಾಕು.

ಆಮೇಲೆ ಸಾಕಾಗುವುದಿಲ್ಲ. ಸಮುದ್ರದ ಪ್ರಾಣಿಯ ಮರಿಗೆ ಡಿ.ಎಚ್.ಎ., ಇ.ಪಿ.ಎ. ಎಂಬ ಎರಡು ಕೊಬ್ಬು ಊಟದಲ್ಲೇ ಬರಬೇಕು. ಆರ್ಟಿಮಿಯಾದಲ್ಲಿ ಡಿ.ಎಚ್.ಎ. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾವೇ ತುಂಬಿಸಬೇಕು. ಒಡೆದು ಎಂಟು ಹತ್ತು ಗಂಟೆ ಆದ ಮೇಲೆ ಆರ್ಟಿಮಿಯಾ ಇನ್ನೊಮ್ಮೆ ಚಿಪ್ಪು ಕಳಚಿ ತಿನ್ನಲು ಶುರು ಮಾಡುತ್ತದೆ. ಅದಕ್ಕೆ ಮೊದಲು ಬಾಯಿಯೇ ತೆರೆದಿರುವುದಿಲ್ಲ, ಏನು ಹಾಕಿದರೂ ವ್ಯರ್ಥ. ಬಾಯಿ ತೆರೆದ ಮೇಲೆ ಬೇರೆ ಪಾತ್ರೆಯಲ್ಲಿ ಐಸೊಕ್ರೈಸಿಸ್ ಪಾಚಿ ಅಥವಾ ಅಂಗಡಿಯಲ್ಲಿ ಸಿಗುವ ಎನ್‌ರಿಚ್‌ಮೆಂಟ್ ದ್ರಾವಣ ಹಾಕಿ ಹನ್ನೆರಡು ಗಂಟೆ ಬಿಡಿ. ಚೆನ್ನಾಗಿ ತೊಳೆದು ಮರಿಗೆ ಕೊಡಿ. ಬರೀ ನ್ಯಾನೊಕ್ಲೋರಾಪ್ಸಿಸ್ ನೆಚ್ಚಬೇಡಿ. ಅದು ಸುಲಭವಾಗಿ ಬೆಳೆಯುತ್ತದೆ, ಅದರಲ್ಲಿ ಇ.ಪಿ.ಎ. ಇದೆ, ಆದರೆ ಡಿ.ಎಚ್.ಎ. ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸತ್ವ ಸಿಗದ ಲಿಸ್ಮಾಟಾ ಮರಿ ತಕ್ಷಣ ಸಾಯುವುದಿಲ್ಲ. ಚಿಪ್ಪು ಕಳಚುತ್ತಲೇ ಇರುತ್ತದೆ, ಆದರೆ ಮುಂದಿನ ಹಂತಕ್ಕೆ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ. ನೋಡುವವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಒಂದು ತಿಂಗಳಲ್ಲಿ ಮುಗಿಯಬೇಕಾದದ್ದು ಎರಡು ತಿಂಗಳಿಗೆ ಎಳೆಯುತ್ತದೆ, ಅಷ್ಟರಲ್ಲಿ ಒಂದೊಂದಾಗಿ ಹೋಗುತ್ತವೆ.

ದಿನಾ ಟಾರ್ಚ್ ಹಾಕಿ ಮರಿಯ ಹೊಟ್ಟೆ ನೋಡಿ. ಕೇಸರಿ ಬಣ್ಣ ಕಂಡರೆ ತಿಂದಿದೆ. ನೀರಿನಲ್ಲಿ ಒಂದು ಮಿಲಿಲೀಟರಿಗೆ ಐದು ಆರ್ಟಿಮಿಯಾ ಇರುವಂತೆ ನೋಡಿಕೊಳ್ಳಿ. ಚಮಚದಲ್ಲಿ ನೀರು ಎತ್ತಿ ಎಣಿಸಿದರೆ ಅಂದಾಜು ಸಿಗುತ್ತದೆ, ಒಂದು ಟೀ ಚಮಚ ಅಂದರೆ ಐದು ಮಿಲಿಲೀಟರ್. ಹಳೆಯ ಆರ್ಟಿಮಿಯಾ ಉಳಿದಿದ್ದರೆ ಸೋಸಿ ತೆಗೆದು ಹೊಸದು ಹಾಕಿ.

ಬೆಳೆಯುತ್ತಾ ಬಂದಂತೆ ಮರಿಯ ಐದನೇ ಜೋಡಿ ಕಾಲು ಮೈಗಿಂತ ಉದ್ದವಾಗುತ್ತದೆ. ತುದಿ ದೋಣಿಯ ಹುಟ್ಟಿನಂತೆ ಚಪ್ಪಟೆ. ಮೊದಲ ಸಲ ನೋಡಿದಾಗ ಎಷ್ಟು ಹೊತ್ತು ನೋಡಿದರೂ ಸಾಲದು. ಆ ಕಾಲು ಬಹಳ ನಾಜೂಕು. ಗಾಳಿ ಜೋರಾದರೆ, ಪಾತ್ರೆಯ ಬದಿಗೆ ತಾಗಿದರೆ ಕಳಚಿ ಬೀಳುತ್ತದೆ. ಹೆಚ್ಚಿನ ಮರಿಗಳಲ್ಲಿ ಆ ಕಾಲು ಉಳಿದಿದ್ದರೆ ನಿಮ್ಮ ನೀರಿನ ಸುತ್ತಾಟ ಹದವಾಗಿದೆ ಅಂತಲೇ ಅರ್ಥ.

ಪ್ರತಿದಿನ ತಳದ ಕಸವನ್ನು ಟ್ಯೂಬಿನಲ್ಲಿ ಎಳೆದು ಕಾಲು ಭಾಗ ನೀರು ಬದಲಿಸಿ. ಹೊಸ ನೀರಿನ ಉಪ್ಪು ಸಾವಿರಕ್ಕೆ 35 ಭಾಗ, ಬಿಸಿ ಮೊದಲಿನಷ್ಟೇ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಉಪ್ಪು ಕಲಸಬೇಡಿ. ಆರ್.ಓ. ಆದ ಮೇಲೆ, ಉಳಿದ ಲವಣವನ್ನೂ ತೆಗೆಯುವ ಡಿ.ಐ. ರೆಸಿನ್ ದಾಟಿ ಬಂದ ನೀರು ಬೇಕು. ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕ್, ಪೈಪ್, ಬಕೆಟ್ ಯಾವುದನ್ನೂ ಇದಕ್ಕೆ ಮುಟ್ಟಿಸಬೇಡಿ. ಮೀನು ತಡೆದುಕೊಳ್ಳುವ ತಾಮ್ರ ಸಿಗಡಿಯನ್ನು ಕೊಲ್ಲುತ್ತದೆ.

ಎಲ್ಲ ಸರಿಹೋದರೆ ಸುಮಾರು ನಾಲ್ಕು ಐದು ವಾರಕ್ಕೆ ಒಂದು ಬೆಳಗ್ಗೆ ಬಕೆಟಿನ ಬದಿಗೆ ಅಂಟಿಕೊಂಡ ಸಣ್ಣ ಸಿಗಡಿ ಕಾಣುತ್ತದೆ. ಅಲ್ಲಿಯವರೆಗೆ ಹಿಂದಕ್ಕೆ ಹಿಂದಕ್ಕೆ ಈಜುತ್ತಿದ್ದದ್ದು ಈಗ ಮುಂದಕ್ಕೆ ಈಜುತ್ತದೆ, ನಡೆಯುತ್ತದೆ. ಮೈ ಗಾಜಿನಂತೆ, ಗೆರೆಗಳು ಆಮೇಲೆ ಮೂಡುತ್ತವೆ. ಇಳಿದದ್ದನ್ನು ಬೇರೆ ಟ್ಯಾಂಕಿಗೆ ಹಾಕಿ. ಇಲ್ಲದಿದ್ದರೆ ಇನ್ನೂ ತೇಲುತ್ತಿರುವ ತಮ್ಮಂದಿರನ್ನೇ ಹಿಡಿದು ತಿನ್ನುತ್ತದೆ. ಅಡಗಲು ಪಿ.ವಿ.ಸಿ. ತುಂಡು, ಪ್ಲಾಸ್ಟಿಕ್ ಜಾಳಿಗೆ ಹಾಕಿ. ಲೈವ್ ರಾಕ್, ಅಂದರೆ ಜೀವಿಗಳು ಅಂಟಿರುವ ಸಮುದ್ರದ ಕಲ್ಲು ಬೇಡ, ಅದರ ಜೊತೆ ಹೈಡ್ರಾಯ್ಡ್ ಬರುತ್ತದೆ. ಹಾಗಂತ ಸಮುದ್ರದಿಂದ ಹವಳದ ಕಲ್ಲು ಎತ್ತಿ ತರಲೂ ಬೇಡಿ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಅದು ಸರಿಯಾದ ಕಾನೂನು.

ಇರ್ಫಾನ್ ಮೈಸೂರು

ಮೇಡಂ, ಇದನ್ನು ಓದಿದ ಮೇಲೆ ನನಗೂ ಬಕೆಟ್ ತರುವ ಮನಸ್ಸಾಗಿದೆ. ಹೈಡ್ರಾಯ್ಡ್ ಅಂದಿರಿ, ಅದು ಬಂದಿದೆ ಅಂತ ಗೊತ್ತಾಗುವುದು ಹೇಗೆ? ಮತ್ತೆ ನೀವು ಸಮುದ್ರದ ಪಕ್ಕ ಇದ್ದೀರಿ, ನೇರ ಸಮುದ್ರದ ನೀರೇ ಬಳಸುತ್ತೀರಾ? ಕರೆಂಟು ಹೋದರೆ?

ಶೈಲಜಾ ಮಲ್ಪೆ

ಪಾತ್ರೆಯ ಬದಿಯಲ್ಲಿ ಬಿಳಿ ನೂಲಿನಂಥ ಸಣ್ಣ ಸಣ್ಣ ಕಡ್ಡಿ, ತುದಿಯಲ್ಲಿ ಗ್ರಹಣಾಂಗದ ಕುಚ್ಚು, ಅದೇ ಹೈಡ್ರಾಯ್ಡ್. ಆರ್ಟಿಮಿಯಾ ಹಿಡಿದು ತಿಂದು ಬೇಗ ಹಬ್ಬುತ್ತದೆ, ಸಿಗಡಿ ಮರಿಯನ್ನೂ ಕುಟುಕಿ ಹಿಡಿಯುತ್ತದೆ. ಕಂಡ ದಿನವೇ ಮರಿಗಳನ್ನು ಲೋಟದಲ್ಲಿ ಹೊಸ ಪಾತ್ರೆಗೆ ದಾಟಿಸಿ. ಹಳೆಯದನ್ನು ಬ್ಲೀಚ್ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಉಜ್ಜಿ ತೆಗೆಯಲು ಹೋದರೆ ಚೂರು ಚೂರಾಗಿ ಇನ್ನೂ ಹಬ್ಬುತ್ತದೆ.

ನೀರು ಸಮುದ್ರದ್ದೇ. ಆದರೆ ದಡದಲ್ಲಿ ಕೊಡ ಮುಳುಗಿಸಿದ್ದಲ್ಲ. ಮಲ್ಪೆ ಬಂದರಿನ ಹತ್ತಿರವೇ ಉದ್ಯಾವರ ಹೊಳೆ ಸೇರುತ್ತದೆ, ಬೋಟುಗಳ ಡೀಸೆಲ್ ಬೇರೆ. ಪರಿಚಯದವರ ಬೋಟು ಹೊರಗೆ ಹೋದಾಗ ದೂರದ ತಿಳಿ ನೀರನ್ನು ಕ್ಯಾನ್‌ಗಳಲ್ಲಿ ತಂದುಕೊಡುತ್ತಾರೆ. ಬೇಸಿಗೆಯಲ್ಲಿ ಅದರ ಉಪ್ಪು 34–35 ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಹೊಳೆಗಳ ಕೆಂಪು ನೀರು ಬಂದು ದಡದ ಉಪ್ಪೂ ಇಳಿದುಬಿಡುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಕಪ್ಪು ಸಿಂಟೆಕ್ಸ್ ತುಂಬಿಸಿ ಮುಚ್ಚಿಡುತ್ತೇನೆ. ಬಳಸುವ ಮೊದಲು ಫಿಲ್ಟರ್ ಬ್ಯಾಗಿನಲ್ಲಿ ಸೋಸಿ, ಬ್ಲೀಚಿಂಗ್ ಪೌಡರ್ ಹಾಕಿ ಒಂದು ದಿನ ಗಾಳಿ ಬಿಟ್ಟು, ಸೋಡಿಯಂ ಥಯೋಸಲ್ಫೇಟ್‌ನಿಂದ ಕ್ಲೋರಿನ್ ತೆಗೆದು, ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಮರಿಗೆ. ವಿನಯ್ ಅವರ ಹ್ಯಾಚರಿಯಲ್ಲೂ ಇದೇ ಕ್ರಮ ಇರುತ್ತದೆ. ಮೈಸೂರಿನಲ್ಲಿ ನಿಮಗೆ ಉಪ್ಪಿನ ಪ್ಯಾಕೆಟ್ಟೇ ಒಳ್ಳೆಯದು. ಯಾವ ತಿಂಗಳಾದರೂ ಒಂದೇ ಹದ ಸಿಗುತ್ತದೆ.

ಬಿಸಿಯ ವಿಷಯದಲ್ಲಿ ನೀವು ಘಟ್ಟದ ಮೇಲಿನವರು ಪುಣ್ಯವಂತರು. ಅಲ್ಲಿ ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯೇ ಒದ್ದೆ, ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇನಲ್ಲಿ ನಾನು ಮರಿ ಬೆಳೆಸುವುದಿಲ್ಲ, ತಾಯಿಗಳನ್ನು ತಂಪಾಗಿ ಕಾಪಾಡಿದರೆ ಸಾಕು.

ಕರೆಂಟಿಗೆ ಬ್ಯಾಟರಿ ಏರ್‌ಪಂಪ್ ಇಟ್ಟುಕೊಳ್ಳಿ, ಕರೆಂಟು ಹೋದ ಕೂಡಲೇ ತಾನೇ ಶುರುವಾಗುವಂಥದ್ದು. ಗಾಳಿ ನಿಂತರೆ ಮರಿಗಳೆಲ್ಲ ತಳದಲ್ಲಿ ರಾಶಿ ಬೀಳುತ್ತವೆ, ಕಾಲಿಗೆ ಕಾಲು ಸಿಕ್ಕಿ ಬಿಡಿಸಲು ಬರುವುದಿಲ್ಲ.

ರಾಘು ಜಯನಗರ

ಮೇಡಂ, ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಮಗಳು ನಿಮ್ಮ ಉತ್ತರವನ್ನು ಓದಿಸಿಕೊಂಡಳು. ಕಪ್ಪು ಬಕೆಟ್ ಬಂದಿದೆ, ಸಿಸ್ಟ್ ತಂದಿದ್ದೇನೆ.

ಕ್ಲೀನರ್ ಸಿಗಡಿಯ ಪ್ರಶ್ನೆ ಉಳಿದಿದೆ. ನಮ್ಮ ದೇಶದಲ್ಲಿ ಯಾರಾದರೂ ಇದನ್ನು ದೊಡ್ಡದಾಗಿ ಮಾಡುತ್ತಿದ್ದಾರಾ?

ಶೈಲಜಾ ಮಲ್ಪೆ

ಬೆನ್ನ ಮೇಲೆ ಬಿಳಿ ಗೆರೆಯ ಕ್ಲೀನರ್, ಅಂದರೆ ಲಿಸ್ಮಾಟಾ ಆಂಬೊಯ್ನೆನ್ಸಿಸ್, ನಿಮ್ಮ ಟ್ಯಾಂಕಿನಲ್ಲಿ ಮೊಟ್ಟೆ ಇಡುವುದು ಪೆಪ್ಪರ್‌ಮಿಂಟ್‌ನಷ್ಟೇ ಸಲೀಸು. ಮರಿಯೂ ಬರುತ್ತದೆ. ಆದರೆ ಅದು ತೇಲುವ ಕಾಲ ಐದು ತಿಂಗಳ ಆಸುಪಾಸು. ಕೆಂಪು ಫೈರ್ ಸಿಗಡಿ, ಅಂದರೆ ಲಿಸ್ಮಾಟಾ ಡೆಬೆಲಿಯಸ್, ಟೆಕ್ಸಾಸಿನಲ್ಲಿ ಪಾಮ್‌ಟ್ಯಾಗ್ ಮತ್ತು ಹೋಲ್ಟ್ ಬೆಳೆಸಿದಾಗ ನೆಲಕ್ಕೆ ಇಳಿಯಲು 75ರಿಂದ 158 ದಿನ ಹಿಡಿಯಿತು. ಒಂದೇ ತಾಯಿಯ ಮರಿಗಳಲ್ಲೂ ಇಷ್ಟು ಅಂತರ ಬರುತ್ತದೆ. ಬಾಕ್ಸಿಂಗ್ ಸಿಗಡಿ ನಾಲ್ಕರಿಂದ ಏಳು ತಿಂಗಳು. ಅಷ್ಟು ದಿನ ಪ್ರತಿದಿನ ಸಿಸ್ಟ್ ನೆನೆಹಾಕಿ, ಸತ್ವ ತುಂಬಿಸಿ, ತಳ ಸೋಸುವುದು ಒಂದು ಮನೆಯವರ ಕೈಗೆ ಭಾರ. ಪೆಪ್ಪರ್‌ಮಿಂಟ್‌ನಲ್ಲಿ ಕೈ ಪಳಗಿದ ಮೇಲೆ ಹಾರ್ಲೆಕ್ವಿನ್ ಸಿಗಡಿ ನೋಡಬಹುದು. ಅದರ ಮರಿ ಒಂದೂವರೆ ತಿಂಗಳ ಹತ್ತಿರ ತೇಲುತ್ತದೆ. ಆದರೆ ದೊಡ್ಡವಕ್ಕೆ ನಕ್ಷತ್ರಮೀನೇ ಊಟ, ಬೇರೇನೂ ಒಗ್ಗುವುದಿಲ್ಲ. ಅದನ್ನು ಪೂರೈಸಲು ಆಗದಿದ್ದರೆ ತರಲೇಬೇಡಿ.

ನಮ್ಮಲ್ಲಿ ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಒಂದು ಕೇಂದ್ರ ನಡೆಸಿದೆ. ಅಲ್ಲಿ ಅಲಂಕಾರಿಕ ಸಿಗಡಿಗಳ ಮರಿ ಮಾಡಿಸಿ, ದ್ವೀಪದ ಹೆಂಗಸರಿಗೆ ಸಾಕಲು ಕೊಟ್ಟು ಮಾರುವ ವ್ಯವಸ್ಥೆ ಮಾಡಿದರು. ನನಗೆ ಈ ಕೆಲಸದ ಮೇಲೆ ಬಹಳ ಗೌರವ. ಅಂಗಡಿಗೆ ಬರುವ ಸಮುದ್ರ ಸಿಗಡಿಯಲ್ಲಿ ಹೆಚ್ಚಿನದ್ದು ಇವತ್ತಿಗೂ ಬಂಡೆಸಾಲಿನಿಂದ ಹಿಡಿದು ತಂದದ್ದೇ. ದಾರಿಯಲ್ಲೇ ಎಷ್ಟೋ ಸಾಯುತ್ತವೆ. ಮನೆಯಲ್ಲಿ ಹುಟ್ಟಿದ್ದು ಟ್ಯಾಂಕಿನ ಊಟಕ್ಕೆ, ನೀರಿಗೆ ಮೊದಲೇ ಒಗ್ಗಿರುತ್ತದೆ. ಪರಿಚಯದವರಿಗೆ ನಾನು ಕೊಟ್ಟವು ಚೆನ್ನಾಗಿ ಬಾಳುತ್ತಿವೆ. ಅವುಗಳಲ್ಲಿ ಕೆಲವು ಈಗ ತಾವೇ ಮೊಟ್ಟೆ ಹೊತ್ತಿವೆ ಅಂತ ಕೇಳಿದಾಗ ಆದ ಸಂತೋಷ ಇನ್ಯಾವುದರಲ್ಲೂ ಸಿಕ್ಕಿಲ್ಲ.

ರಾಘು ಜಯನಗರ

ಇವತ್ತು ಬೆಳಗ್ಗೆ ನೋಡಿದೆ. ದೊಡ್ಡ ಸಿಗಡಿಯ ಮೊಟ್ಟೆಯ ಹಸಿರು ಪೂರ್ತಿ ಹೋಗಿದೆ, ಭೂತಗನ್ನಡಿಯಲ್ಲಿ ಬೆಳ್ಳಿ ಕಣ್ಣು ಕಾಣುತ್ತಿದೆ. ಟ್ಯಾಂಕಿನ ದೀಪ ರಾತ್ರಿ ಹತ್ತೂವರೆಗೆ ಆರುತ್ತದೆ. ಇವತ್ತೇ ಬಿಡುತ್ತದಾ? ಆರ್ಟಿಮಿಯಾ ಇನ್ನೂ ಹಾಕಿಲ್ಲ.

ಶೈಲಜಾ ಮಲ್ಪೆ

ಇವತ್ತು ಅಥವಾ ನಾಳೆ. ಸಿಸ್ಟ್ ಈಗಲೇ ನೆನೆಹಾಕಿ, ನಾಳೆ ಈ ಹೊತ್ತಿಗೆ ಸಿದ್ಧ ಇರುತ್ತದೆ. ಇವತ್ತು ರಾತ್ರಿಯೇ ಬಿಟ್ಟರೂ ಹೆದರಬೇಡಿ, ಮರಿಯ ಮೈಯಲ್ಲಿ ಉಳಿದ ಹಳದಿ ನಾಳೆಯವರೆಗೆ ನಡೆಸುತ್ತದೆ. ದೀಪದ ಟೈಮರ್ ಮುಟ್ಟಬೇಡಿ, ಅದರ ರಾತ್ರಿ ಹತ್ತೂವರೆಗೇ ಅಂತ ಅದಕ್ಕೆ ಗೊತ್ತಿದೆ. ಮುಂದಿನ ಮೊಟ್ಟೆ ಬಂದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದು ಎಂಟಕ್ಕೆ ಮಾಡಿ, ಮಗಳೂ ನೋಡಬಹುದು.

ಬಕೆಟಿಗೆ ಹೊಸ ನೀರು ಬೇಡ, ಅದೇ ಟ್ಯಾಂಕಿನ ನೀರನ್ನು ಸಂಜೆಯೇ ತೆಗೆದು ಬಟ್ಟೆಯಲ್ಲಿ ಸೋಸಿ ಗಾಳಿ ಬಿಟ್ಟಿಡಿ. ಮರಿ ಎತ್ತಿದ ಮೇಲೆ ರಿಟರ್ನ್ ಪಂಪ್ ಹಾಕಿಯೇ ಮಲಗಿ, ಇಲ್ಲದಿದ್ದರೆ ಬೆಳಗ್ಗೆಯೊಳಗೆ ಮೀನಿಗೆ ಉಸಿರು ಕಟ್ಟುತ್ತದೆ. ಎಷ್ಟು ಮರಿ ಸಿಕ್ಕವು ಅಂತ ನಾಳೆ ಬರೆಯಿರಿ. ದಿನಕ್ಕೆ ಎಷ್ಟು ಸಿಸ್ಟ್ ಹಾಕಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.